ಥಾಯ್ಲೆಂಡಿನಲ್ಲಿ ಕೂತು ಆಫೀಸ್ ಕೆಲಸ: ಡಿಟಿವಿ ವೀಸಾ ಪಡೆದ ಕಥೆ

ಒಂದೇ ಒಂದು ವಾಕ್ಯ ಇಲ್ಲದ್ದಕ್ಕೆ ನನ್ನ ಅರ್ಜಿ ಎರಡು ವಾರ ಅಲ್ಲೇ ನಿಂತುಬಿಟ್ಟಿತ್ತು. ಬ್ಯಾಂಕಿನಲ್ಲಿ ದುಡ್ಡಿತ್ತು, ಪಾಸ್‌ಪೋರ್ಟ್ ಸರಿಯಿತ್ತು, ಫೋಟೋ ಕೂಡ ಚೆನ್ನಾಗಿಯೇ ಬಂದಿತ್ತು. ಎಡವಿದ್ದು ಕಂಪನಿ ಕೊಟ್ಟ ಪತ್ರದಲ್ಲಿ.

ಥಾಯ್ಲೆಂಡ್ 2024ರ ಜುಲೈನಲ್ಲಿ ಡಿಟಿವಿ (ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ) ಅಂತ ಹೊಸ ವೀಸಾ ಶುರು ಮಾಡಿತು. ಬೇರೆ ದೇಶದ ಕಂಪನಿಗೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರು, ಫ್ರೀಲಾನ್ಸ್ ಮಾಡುವವರು ಅಲ್ಲಿ ಹೋಗಿ ಇರಬಹುದು. ಮುಯ್ ಥಾಯ್ (ಅಲ್ಲಿನ ಬಾಕ್ಸಿಂಗ್) ಅಥವಾ ಥಾಯ್ ಅಡುಗೆ ಕಲಿಯಲು ಹೋಗುವವರಿಗೂ ಇದೇ ವೀಸಾ. ಐದು ವರ್ಷದ ಅವಧಿ, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು, ಪ್ರತಿ ಸಲ ಒಳಗೆ ಬಂದಾಗ 180 ದಿನ. ವಯಸ್ಸು 20 ತುಂಬಿರಬೇಕು, ಕೈಯಲ್ಲಿ ಕನಿಷ್ಠ 5 ಲಕ್ಷ ಬಾತ್ (ಥಾಯ್ ಕರೆನ್ಸಿ) ಇದೆ ಅಂತ ತೋರಿಸಬೇಕು. ಆದರೆ ಥಾಯ್ ಕಂಪನಿಯಲ್ಲಿ ಕೆಲಸ ಮಾಡುವ ಹಾಗಿಲ್ಲ. ಅದಕ್ಕೆ ವರ್ಕ್ ಪರ್ಮಿಟ್ಟೇ ಬೇಕು.

ಅರ್ಜಿ ಪೂರ್ತಿ ಆನ್‌ಲೈನ್. ಥಾಯ್ ಸರ್ಕಾರದ ಇ-ವೀಸಾ ತಾಣದಲ್ಲಿ ಖಾತೆ ತೆರೆದು ಪಿಡಿಎಫ್‌ಗಳನ್ನು ಏರಿಸಿದರೆ ಆಯಿತು. ಆದರೆ ಅರ್ಜಿ ಹಾಕುವಾಗ ನೀವು ಥಾಯ್ಲೆಂಡಿನಿಂದ ಹೊರಗಿರಬೇಕು. "ಮೊದಲು ಟೂರಿಸ್ಟ್ ಆಗಿ ಹೋಗೋಣ, ಅಲ್ಲೇ ಕೂತು ಬದಲಾಯಿಸಿಕೊಳ್ಳೋಣ" ಅಂದುಕೊಂಡಿದ್ದರೆ ಅದನ್ನು ಈಗಲೇ ಬಿಡಿ. ಅರ್ಜಿ ಹಾಕಿದ ದೇಶದಲ್ಲೇ ಇದ್ದೀರಿ ಅನ್ನುವುದಕ್ಕೂ ಒಂದು ದಾಖಲೆ ಕೇಳುತ್ತಾರೆ. ಶುಲ್ಕ ಸುಮಾರು 10,000 ಬಾತ್. ಅರ್ಜಿ ತಿರಸ್ಕಾರ ಆದರೆ ಅದು ವಾಪಸ್ ಬರುವುದಿಲ್ಲ.

ಈಗ ಆ ಪತ್ರದ ವಿಷಯ. "ಇವರು ನಮ್ಮಲ್ಲಿ ಕೆಲಸ ಮಾಡುತ್ತಾರೆ, ಇಷ್ಟು ಸಂಬಳ" ಅಂತ ಎಚ್‌ಆರ್ ಮಾಮೂಲಿ ಸರ್ಟಿಫಿಕೇಟ್ ಕೊಟ್ಟಿದ್ದರು. ನಾನೂ ಓದದೆ ಅಪ್‌ಲೋಡ್ ಮಾಡಿಬಿಟ್ಟೆ. ಇನ್ನಷ್ಟು ದಾಖಲೆ ಬೇಕು ಅಂತ ಮೇಲ್ ಬಂತು. ಕೂತು ಯೋಚಿಸಿದರೆ, ನಾನು ದೂರದಿಂದ ಕೆಲಸ ಮಾಡುವವಳು ಅಂತ ಆ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ! ಕೇಳುತ್ತಿರುವುದೇ ಅದನ್ನು, ಅಲ್ವಾ? ಎರಡನೇ ಪತ್ರವನ್ನು ನಾನೇ ಬರೆದು ಎಚ್‌ಆರ್‌ಗೆ ಕಳಿಸಿದೆ. ಹುದ್ದೆ ಏನು, ಯಾವಾಗಿನಿಂದ, ಸಂಬಳ ಎಷ್ಟು ಅನ್ನುವುದು ಮೊದಲು. ಆಮೇಲೆ ಮುಖ್ಯವಾದದ್ದು: ಇವರ ಕೆಲಸ ಪೂರ್ತಿ ಆನ್‌ಲೈನ್‌ನಲ್ಲಿ ನಡೆಯುತ್ತದೆ, ಇಷ್ಟು ತಿಂಗಳು ಥಾಯ್ಲೆಂಡಿನಿಂದ ಕೆಲಸ ಮಾಡಲು ಕಂಪನಿಯ ಒಪ್ಪಿಗೆ ಇದೆ, ಅಲ್ಲಿನ ಯಾವ ಸಂಸ್ಥೆಯಿಂದಲೂ ಇವರು ಸಂಬಳ ಪಡೆಯುವುದಿಲ್ಲ. ಲೆಟರ್‌ಹೆಡ್, ಸಹಿ, ಸೀಲು. ಜೊತೆಗೆ ಪೇಸ್ಲಿಪ್‌ಗಳು. ಹತ್ತು ದಿನದಲ್ಲಿ ವೀಸಾ ಬಂತು. ಫ್ರೀಲಾನ್ಸ್ ಮಾಡುವವರಾದರೆ ಗ್ರಾಹಕರ ಜೊತೆಗಿನ ಒಪ್ಪಂದಗಳು, ಬಿಲ್ಲುಗಳು, ಮಾಡಿದ ಕೆಲಸದ ಮಾದರಿಗಳು ಈ ಪತ್ರದ ಜಾಗಕ್ಕೆ ಬರುತ್ತವೆ.

ದುಡ್ಡಿನ ವಿಷಯದಲ್ಲಿ ಒಂದು ಕಿವಿಮಾತು. ಅರ್ಜಿಯ ಹಿಂದಿನ ದಿನ ಯಾರದೋ ಹತ್ತಿರ ತಂದು ಖಾತೆಗೆ ಹಾಕಿದ 5 ಲಕ್ಷ ಬಾತ್ ನೋಡಿದ ತಕ್ಷಣ ಗೊತ್ತಾಗುತ್ತದೆ. ಎಷ್ಟು ತಿಂಗಳ ಸ್ಟೇಟ್‌ಮೆಂಟ್ ಬೇಕು ಅನ್ನುವುದು ಒಂದೊಂದು ರಾಯಭಾರ ಕಚೇರಿಯಲ್ಲಿ ಒಂದೊಂದು ಥರ. ಆರು ತಿಂಗಳದ್ದು ಇಟ್ಟುಕೊಂಡಿದ್ದರೆ ಒಳ್ಳೆಯದು. ಬಾತ್‌ನ ದರ ಏರಿಳಿಯುವುದರಿಂದ ಸ್ವಲ್ಪ ಜಾಸ್ತಿಯೇ ಇರಲಿ. ವೀಸಾ ಬರುವ ಮೊದಲು ವಿಮಾನದ ಟಿಕೆಟ್ ತೆಗೆಯಬೇಡಿ. ನಾನು ತೆಗೆದಿದ್ದೆ. ದಿನಾಂಕ ಬದಲಿಸಲು ಕೊಟ್ಟ ದುಡ್ಡು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಂಪನಿಯ ಒಪ್ಪಿಗೆ ಅಂದೆನಲ್ಲ, ಅದನ್ನು ನಿಜವಾಗಿಯೂ ಕೇಳಿ ಪಡೆಯಿರಿ. ಕೆಲವರು ಹೇಳದೆ ಕೇಳದೆ ಹೋಗಿಬಿಡುತ್ತಾರೆ. ಅದು ದಡ್ಡತನ. ಕಂಪನಿಗೆ ತೆರಿಗೆ, ಡೇಟಾ ಸುರಕ್ಷತೆ ಎಂದು ತನ್ನದೇ ತಲೆನೋವುಗಳಿರುತ್ತವೆ, ಲಾಗಿನ್ ಎಲ್ಲಿಂದ ಆಯಿತು ಅಂತ ಅವರಿಗೆ ಕಾಣುತ್ತಲೇ ಇರುತ್ತದೆ.

ನಿಮ್ಮ ತೆರಿಗೆ ಕೂಡ ಇದೆ. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಥವಾ ಅದಕ್ಕಿಂತ ಜಾಸ್ತಿ ಅಲ್ಲಿದ್ದರೆ ನೀವು ಥಾಯ್ ತೆರಿಗೆ ನಿವಾಸಿ. 2024ರಿಂದೀಚೆಗೆ ಹೊರಗೆ ಗಳಿಸಿ ಆ ದೇಶಕ್ಕೆ ತಂದ ಹಣ ಲೆಕ್ಕಕ್ಕೆ ಬರುತ್ತದೆ. ವೀಸಾದ 180ಕ್ಕೂ ತೆರಿಗೆಯ 180ಕ್ಕೂ ಸಂಬಂಧ ಇಲ್ಲ. ನಾನು ಹೋಗಿದ್ದು ನವೆಂಬರ್ 10ಕ್ಕೆ. 180ನೇ ದಿನ ಬಿದ್ದದ್ದು ಮೇ 8ಕ್ಕೆ. ಹಾಗಾಗಿ ಮೊದಲ ವರ್ಷದ ಲೆಕ್ಕಕ್ಕೆ 52 ದಿನ, ಮುಂದಿನ ವರ್ಷಕ್ಕೆ 128. ಎರಡೂ ಮಿತಿಯೊಳಗೆ. ಜನವರಿಯಲ್ಲಿ ಹೋಗಿದ್ದರೆ ಅಷ್ಟೂ ದಿನ ಒಂದೇ ವರ್ಷಕ್ಕೆ ಬೀಳುತ್ತಿತ್ತು. ಇದು ನಾನು ಮಾಡಿದ ಒಂದೇ ಜಾಣತನದ ಕೆಲಸ.

ಥಾಯ್ಲೆಂಡಿಗೆ ಬಂದಿಳಿಯುವ ಮುಂಚಿನ 3 ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಇದು 2025ರ ಮೇ 1ರಿಂದ ಕಡ್ಡಾಯ, ಆದರೆ ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ. ವೀಸಾದ ಪ್ರಿಂಟ್ ಒಂದು ಕೈಯಲ್ಲಿರಲಿ.

ಮನೆ ಹಿಡಿದಿದ್ದು ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನ ನಿಮ್ಮನ್ ಅನ್ನುವ ಬಡಾವಣೆ ಕಡೆ. ನೀವು ಬಂದ 24 ಗಂಟೆಯೊಳಗೆ ಮನೆ ಮಾಲೀಕರು ಮನೆಯಲ್ಲಿ ವಿದೇಶಿಯರಿದ್ದಾರೆ ಎಂದು ತಿಳಿಸುವ ಟಿಎಂ30 ಅನ್ನುವ ವರದಿಯನ್ನು ಇಮಿಗ್ರೇಷನ್‌ಗೆ ಕೊಡಬೇಕು. ನನ್ನ ಮಾಲೀಕರು "ಆಯ್ತು ಆಯ್ತು" ಅನ್ನುತ್ತಾ ಒಂದು ವಾರ ಕಳೆದರು. ಬಾಡಿಗೆ ಮುಂಗಡ ಕೊಡುವ ಮೊದಲೇ ಈ ಮಾತು ಮುಗಿಸಿ, ರಸೀದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಸತತವಾಗಿ 90 ದಿನ ಇದ್ದರೆ ನೀವೇ ವಿಳಾಸ ವರದಿ ಮಾಡಬೇಕು. ಆ 90ನೇ ದಿನಕ್ಕೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಅವಕಾಶ ಇರುತ್ತದೆ. ನಡುವೆ ದೇಶದಿಂದ ಹೊರಗೆ ಹೋಗಿಬಂದರೆ ಎಣಿಕೆ ಮತ್ತೆ ಒಂದರಿಂದ.

ನನ್ನ ಆಫೀಸು ಮಧ್ಯ ಯುರೋಪಿನ ಗಡಿಯಾರದಲ್ಲಿ ಓಡುತ್ತದೆ. ಚಳಿಗಾಲದಲ್ಲಿ 6 ಗಂಟೆ ಅಂತರ. ಅವರ ಬೆಳಿಗ್ಗೆ 9 ಅಂದರೆ ನನಗೆ ಮಧ್ಯಾಹ್ನ 3, ಕೆಲಸ ಮುಗಿಯುವಾಗ ರಾತ್ರಿ 12. ಬೆಳಗೆಲ್ಲ ನಂದೇ. ಹಳೇ ಊರಿನ ಕಂದಕದ ಸುತ್ತ ನಡೆಯುತ್ತಿದ್ದೆ, ಕೆಂಪು ಸೋಂಗ್‌ತೇವ್ (ಶೇರ್ ಟ್ಯಾಕ್ಸಿಯಂಥ ಪಿಕಪ್ ಗಾಡಿ) ಹತ್ತಿ ಎಲ್ಲೆಲ್ಲೋ ಇಳಿಯುತ್ತಿದ್ದೆ. ಆದರೆ ತಿಂಗಳ ಲೆಕ್ಕದಲ್ಲಿ ದುಡ್ಡು ಕಟ್ಟಿದ ಕೋ-ವರ್ಕಿಂಗ್ ಜಾಗ ಸಂಜೆಯೇ ಬಾಗಿಲು ಹಾಕುತ್ತಿತ್ತು! ಹಾಗಾಗಿ ಮನೆ ನೋಡಲು ಹೋದಾಗ ಮೊದಲು ವೈಫೈಗೆ ಸೇರಿ ಒಂದು ವಿಡಿಯೋ ಕಾಲ್ ಮಾಡಿ ನೋಡಿ. ಬಾಲ್ಕನಿ ಆಮೇಲೆ.

ಸ್ಕೂಟರ್ ಬಾಡಿಗೆಗೆ ಪಡೆಯುವವರು ಇನ್ಶೂರೆನ್ಸ್ ಕಾಗದ ಓದಿ. ದ್ವಿಚಕ್ರಕ್ಕೆ ಸರಿಯಾದ ಲೈಸೆನ್ಸ್ ಇಲ್ಲದೆ ಬಿದ್ದರೆ ಆಸ್ಪತ್ರೆ ಖರ್ಚು ಕೊಡದಿರುವ ಪಾಲಿಸಿಗಳೇ ಜಾಸ್ತಿ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಚಿಯಾಂಗ್ ಮಾಯ್ ಬೇರೆಯದೇ ಊರು. ಹೊಲ, ಕಾಡುಗಳಿಗೆ ಬೆಂಕಿ ಬಿದ್ದು ಹೊಗೆ ಕಣಿವೆಯಲ್ಲೇ ಕೂತುಬಿಡುತ್ತದೆ. ಬೆಟ್ಟ ಕಾಣುವುದಿಲ್ಲ, ಗಂಟಲು ಕೆರೆಯುತ್ತದೆ. ಆರು ತಿಂಗಳ ಬಾಡಿಗೆ ಕರಾರಿಗೆ ಸಹಿ ಹಾಕದಿದ್ದದ್ದು ಪುಣ್ಯ. ಮಾರ್ಚ್‌ನಲ್ಲಿ ಗಂಟು ಕಟ್ಟಿ ದಕ್ಷಿಣದ ಕ್ರಾಬಿಗೆ ಹೋದೆ. ಆ ಕಡಲ ಬದಿಯಲ್ಲಿ ಆಗ ಒಣ ಹವೆ. ಹೊಸ ಮನೆ ಅಂದಮೇಲೆ ಟಿಎಂ30 ಮತ್ತೆ ಕೊಡಿಸಬೇಕಾಯಿತು.

180 ದಿನ ಮುಗಿದ ಮೇಲೂ ಇರಬೇಕೆಂದರೆ ಇಮಿಗ್ರೇಷನ್ ಕಚೇರಿಯಲ್ಲಿ 1,900 ಬಾತ್ ಕಟ್ಟಿ ವಿಸ್ತರಣೆ ಕೇಳಬಹುದು, ಕೊಡುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು. ಗಡಿಯೂರು ಚಿಯಾಂಗ್ ಖೋಂಗ್‌ನ ಸೇತುವೆ ದಾಟಿ ಲಾವೋಸ್‌ಗೆ ಹೋಗಿ ಬಂದರೆ ಹೊಸ 180 ದಿನ ಸಿಗುತ್ತದೆ. ಆದರೆ ತೆರಿಗೆಯ ಎಣಿಕೆ ಹಾಗೆ ಸೊನ್ನೆಗೆ ಬರುವುದಿಲ್ಲ. ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ. ಬಂದಿಳಿದ ದಿನವನ್ನೂ ಒಂದು ಅಂತ ಎಣಿಸುತ್ತಾರೆ. ಬೆರಳಿನ ಲೆಕ್ಕ ಬೇಡ, ಪಾಸ್‌ಪೋರ್ಟಿನ ಮುದ್ರೆಯಲ್ಲಿರುವ ದಿನಾಂಕವನ್ನೇ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.