ಎಸ್ಟೀಮ್‌ಗೆ ಹಿಂದೆ ಡಿಸ್ಕ್ ಬಿತ್ತು

9 ಜೂನ್ 2024, ಭಾನುವಾರ
ಚಿಕ್ಕಮಗಳೂರು

ಮೃಗಶಿರಾ ಮಳೆ ಹಿಡಿದು ಎರಡು ದಿನ ಆಯ್ತು. ಇವತ್ತು ಬೆಳಗ್ಗೆ ಒಂದೆರಡು ಗಂಟೆ ಹೊಳವಾಗಿತ್ತು, ಅಷ್ಟರಲ್ಲೇ ಕಾರ್ ತಗೊಂಡು ಚಿಕ್ಕಪ್ಪನ ತೋಟದ ಮಣ್ಣು ರಸ್ತೇಲಿ ಹೊಸ ಬ್ರೇಕ್ ಟೆಸ್ಟ್ ಮಾಡಿ ಬಂದ್ವಿ. ಕೈಯಿಂದ ಬ್ರೇಕ್ ಆಯಿಲ್ ವಾಸನೆ ಇನ್ನೂ ಹೋಗಿಲ್ಲ. ನಮ್ಮ ರೇಸ್ ಕಾರು ಮಾರುತಿ ಎಸ್ಟೀಮ್‌ನ ಹಿಂದಿನ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಬ್ರೇಕ್ ಹಾಕಿದ ಐದು ವಾರದ ಕೆಲಸ ಇದು, ಮರೆಯೋ ಮುಂಚೆ ಬರೆದಿಡ್ತೀನಿ.

ಶುರುವಾಗಿದ್ದು ಹೋದ ವರ್ಷದ ಮಳೇಲಿ. ಒಂದು ಲೋಕಲ್ ಈವೆಂಟ್ ಮುಗಿಸಿ ಬಂದು ಹಿಂದಿನ ಡ್ರಮ್, ಅಂದ್ರೆ ಚಕ್ರದ ಜೊತೆ ತಿರುಗೋ ಡಬ್ಬಿ, ಎಳೆದ್ರೆ ಒಳಗಿಂದ ಅಂಬಲಿ ತರ ಕೆಮ್ಮಣ್ಣು ಸುರೀತು. ಎಡಗಡೆ ಶೂ (ಡ್ರಮ್ ಗೋಡೆಗೆ ಒಳಗಿಂದ ಒತ್ತಿ ನಿಲ್ಲಿಸೋ ಪಟ್ಟಿ) ಒಂದು ತುದೀಲಿ ಸವೆದು ಕಬ್ಬಿಣ ಕಾಣ್ತಿತ್ತು, ಬಲಗಡೇದು ಹೊಸದರ ಹಾಗೇ ಇತ್ತು. ಆಗ ಅರ್ಥ ಆಯ್ತು, ಕೊನೇ ನಾಲ್ಕು ಕಿಲೋಮೀಟರ್ ಬ್ರೇಕ್ ಒತ್ತಿದಾಗೆಲ್ಲ ಕಾರ್ ಯಾಕೆ ಒಂದೊಂದು ಸಲ ಒಂದೊಂದು ಕಡೆ ಎಳೀತಿತ್ತು ಅಂತ. ಡ್ರಮ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಒಳಗಿನ ಎರಡು ಶೂಗಳಲ್ಲಿ ಮುಂದಿನದು ಡ್ರಮ್ ತಿರುಗೋ ಜೋರಿಗೆ ತಾನೇ ಡ್ರಮ್ಮಿಗೆ ಕಚ್ಕೊಳುತ್ತೆ, ಕಮ್ಮಿ ಪ್ರೆಷರ್‌ಗೆ ಜಾಸ್ತಿ ಹಿಡಿತ ಕೊಡುತ್ತೆ, ಮನೆ ಕಾರಿಗೆ ಅದು ಬೇಕಾದಷ್ಟಾಯ್ತು. ಆದ್ರೆ ನೀರು ಮಣ್ಣು ಒಳಗೆ ಹೋದ್ರೆ ಅಲ್ಲೇ ಕೂತ್ಕೊಳುತ್ತೆ, ಬಿಸಿ ಆದ್ರೂ ಒಳಗೇ ಉಳಿಯುತ್ತೆ. ಡಿಸ್ಕ್ ಆದ್ರೆ ಎರಡೂ ಕಡೆಯಿಂದ ಪ್ಯಾಡ್ ಹಿಡಿದು ನಿಲ್ಲಿಸೋ ತಟ್ಟೆ, ಬಯಲಲ್ಲಿ ತಿರುಗ್ತಿರುತ್ತೆ, ನೀರು ಮಣ್ಣನ್ನ ಒಂದೇ ಸುತ್ತಲ್ಲಿ ಒರೆಸಿ ಬಿಸಾಕುತ್ತೆ. ಸರ್ವೀಸ್‌ಗೆ ನಿಂತಾಗ ಪ್ಯಾಡ್ ಬದಲಾಯಿಸೋಕೂ ಹತ್ತು ನಿಮಿಷ ಸಾಕು.

ರೂಲ್ ಬುಕ್ ಮೊದಲು ನೋಡಿದೆ, ಇದನ್ನ ಓದಿ ಕೆಲಸಕ್ಕೆ ಇಳಿಯೋರೂ ಮೊದಲು ಅದನ್ನೇ ನೋಡಿ. ಗ್ರೂಪ್ ಎನ್ ತರದ ಪ್ರೊಡಕ್ಷನ್ ಕ್ಲಾಸಲ್ಲಿ (ಹೆಚ್ಚುಕಮ್ಮಿ ಶೋರೂಮಿಂದ ಬಂದ ಹಾಗೇ ಓಡಿಸೋ ರೇಸ್ ಕಾರುಗಳದು) ಡ್ರಮ್ ಕಿತ್ತು ಡಿಸ್ಕ್ ಹಾಕೋ ಹಾಗಿಲ್ಲ. ರೋಡಲ್ಲಿ ಓಡಿಸೋ ಕಾರಿಗಂತೂ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ, ಕಂಪನಿ ಮಾಡಿಕೊಟ್ಟಿದ್ದನ್ನ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋಕೆ ಬಿಡಲ್ಲ. ನಮ್ಮ ಕಾರು ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಲ್ಲಿ ಟೈಮ್ ನೋಡೋ ರೇಸ್), ಮಾಡಿಫೈಡ್ ಕ್ಲಾಸ್‌ಗೆ ಮಾತ್ರ, ಟ್ರೈಲರ್ ಮೇಲೇ ಹೋಗಿ ಬರುತ್ತೆ.

ಎಸ್ಟೀಮ್‌ನಲ್ಲಿ ಹಿಂದಿನ ಡ್ರಮ್ಮೇ ಹಬ್ (ಚಕ್ರ ಬೋಲ್ಟ್ ಆಗೋ ನಡುಭಾಗ), ಬೇರಿಂಗ್ ಅದರೊಳಗೇ ಕೂರುತ್ತೆ. ಹಂಗಾಗಿ ಡ್ರಮ್ ತೆಗೆದು ಡಿಸ್ಕ್ ಸಿಕ್ಕಿಸಿದ್ರೆ ಮುಗೀತು ಅನ್ನೋ ಹಾಗಿಲ್ಲ. ತುಂಬ ಜನ ಹಳೇ ಡ್ರಮ್‌ನ ಲೇತಿಗೆ ಕೊಟ್ಟು ಸುತ್ತಲಿನ ಗೋಡೆ ಕತ್ತರಿಸಿ ಉಳಿದಿದ್ದನ್ನೇ ಹಬ್ ಮಾಡ್ಕೋತಾರೆ, ನಾನೂ ಅದೇ ಯೋಚನೇಲಿ ಹೋಗಿದ್ದೆ. ಲೇತ್ ಯಜಮಾನ್ರು ಡ್ರಮ್ ಕೈಯಲ್ಲಿ ತಿರುಗಿಸಿ, ಬೋಲ್ಟ್ ತೂತಿನ ಅಂಚನ್ನ ಉಗುರಲ್ಲಿ ತಟ್ಟಿ, "ಇದು ಬೀಡು ಕಣಪ್ಪ, ಹೊಡೆತ ತಡ್ಯಲ್ಲ, ಹಳ್ಳಕ್ಕೆ ಹಾರಿಸ್ದಾಗ ಚಕ್ರನೇ ಬಿಟ್ಟೋದ್ರೆ?" ಅಂದ್ರು. ಬೀಡು ಅಂದ್ರೆ ಎರಕದ ಕಬ್ಬಿಣ. ಅಷ್ಟೇ ಸಾಕಾಯ್ತು ನಂಗೆ. ಇಎನ್-24 ಅನ್ನೋ ಗಟ್ಟಿ ಉಕ್ಕಿನ ರೌಂಡ್ ಬಾರ್ ತರಿಸಿ ಎರಡು ಹಬ್ ಹೊಸದಾಗಿ ಮಾಡಿಸಿದ್ವಿ. ಬೇರಿಂಗ್ ಕೂರೋ ಜಾಗದ ಅಳತೆಗೆ ಅವರು ಅರ್ಧ ದಿನ ತಗೊಂಡ್ರು, ಅವಸರ ಮಾಡೋಕೆ ಬಿಡಲೇ ಇಲ್ಲ. ಕೊನೆಗೆ ಡಿಸ್ಕ್ ಕೂರಿಸಿ, ಅದು ಎಷ್ಟು ವಾಲುತ್ತೆ ಅಂತ ಅಳೆಯೋಕೆ ಡಯಲ್ ಗೇಜ್ ಇಟ್ಟು ತಿರುಗಿಸಿದ್ರೆ ಮುಳ್ಳು 0.05 ಮಿಮೀ ಒಳಗೇ ಆಡ್ತಿತ್ತು. ಆ ಮುಳ್ಳು ನೋಡ್ತಾ ಆದ ಖುಷಿ ಇದೆಯಲ್ಲ, ಹೇಳೋಕಾಗಲ್ಲ.

ಡಿಸ್ಕನ್ನ ಪ್ಯಾಡಲ್ಲಿ ಹಿಡಿಯೋ ಕ್ಯಾಲಿಪರ್ ಬೆಂಗಳೂರು ಶಿವಾಜಿನಗರದ ಗುಜರೀಲಿ ಸಿಕ್ತು, ಸೀಲ್ ಕಿಟ್ ಜೆ.ಸಿ. ರೋಡಲ್ಲಿ. ಪ್ಯಾಡ್ ತಳ್ಳೋ ಪಿಸ್ಟನ್ 30 ಮಿಮೀ ಇರೋದನ್ನೇ ಹುಡುಕಿ ತಂದೆ, ಬೇಕಂತಲೇ ಚಿಕ್ಕದು. ಹಿಂದೆನೂ ದೊಡ್ಡ ಕ್ಯಾಲಿಪರ್ ಹಾಕಿದ್ರೆ ಬ್ರೇಕ್ ಜೋರಾಗುತ್ತೆ ಅಂತ ಕೆಲವರು ಅಂದ್ಕೋತಾರೆ, ಅದು ಅಪಾಯ. ಬ್ರೇಕ್ ಒತ್ತಿದ ಕೂಡ್ಲೇ ಭಾರ ಎಲ್ಲ ಮುಂದಕ್ಕೆ ಹೋಗುತ್ತೆ, ಹಿಂದಿನ ಚಕ್ರ ಹಗುರ ಆಗುತ್ತೆ, ಅಲ್ಲಿ ಹಿಡಿತ ಜಾಸ್ತಿ ಆದ್ರೆ ಮೊದಲು ಅದೇ ಲಾಕ್ ಆಗಿ ಕಾರು ಬುಗುರಿ ಹಾಗೆ ತಿರುಗಿಬಿಡುತ್ತೆ. ಇನ್ನೊಂದು, ಕೇಬಲ್ ಹ್ಯಾಂಡ್‌ಬ್ರೇಕ್ ಲಿವರ್ ಇರೋ ಕ್ಯಾಲಿಪರ್ರೇ ತಗೊಂಡೆ, ಯಾಕಂದ್ರೆ ತಿರುವಲ್ಲಿ ಹಿಂದಿನ ಚಕ್ರ ಲಾಕ್ ಮಾಡಿ ಕಾರ್ ತಿರುಗಿಸೋಕೆ ಹಾಕೋ, ಆಯಿಲ್ ಪ್ರೆಷರಲ್ಲಿ ಕೆಲಸ ಮಾಡೋ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ನಂಬಿ ಇಳಿಜಾರಲ್ಲಿ ಕಾರ್ ನಿಲ್ಲಿಸೋಕಾಗಲ್ಲ, ಪ್ರೆಷರ್ ನಿಧಾನಕ್ಕೆ ಇಳಿದುಹೋಗುತ್ತೆ.

ಆಮೇಲೆ ನಮ್ಮದೊಂದು ತಪ್ಪು. ಆಕ್ಸಲ್ ಹಿಂಬದೀಲಿ ಜಾಗ ಸಾಲದೆ ಕ್ಯಾಲಿಪರ್ ಹಿಡಿಯೋ ಬ್ರಾಕೆಟ್‌ನ ಮುಂಬದಿಗೆ ಬರೋ ಹಾಗೆ 12 ಮಿಮೀ ಪ್ಲೇಟಲ್ಲಿ ಮಾಡಿಸಿದ್ವಿ, ಕ್ಯಾಲಿಪರ್ ಮಾತ್ರ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಹಾಕಿದ್ವಿ. ಎರಡು ಸಂಜೆ ಬ್ರೇಕ್ ಲೈನಿಂದ ಏರ್ ತೆಗೆದ್ವಿ, ಒಂದು ಲೀಟರ್ ಡಾಟ್-4 ಬ್ರೇಕ್ ಆಯಿಲ್ ಖಾಲಿ, ಪೆಡಲ್ ಮಾತ್ರ ಸ್ಪಂಜ್ ತುಳಿದ ಹಾಗೇ. ಮೂರನೇ ದಿನ ಚಿಕ್ಕಪ್ಪನ ಮಗ ಕಾರಡಿ ಮಲಗಿ ಟಾರ್ಚ್ ಬಿಟ್ಟು, "ಅಣ್ಣಾ, ನಿಪ್ಪಲ್ ಕೆಳಗಡೆ ಐತಲ್ಲ" ಅಂದ. ಗಾಳಿ ಮೇಲಿರುತ್ತೆ, ಅದನ್ನ ಹೊರಬಿಡೋ ನಿಪ್ಪಲ್ ಕೆಳಗಿದ್ರೆ ಎಷ್ಟು ಪಂಪ್ ಮಾಡಿದ್ರೂ ಬರೋದು ಆಯಿಲ್ ಒಂದೇ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲು ಬದಲು ಮಾಡಿದ್ವಿ, ನಿಪ್ಪಲ್ ಮೇಲೆ ಬಂತು, ಅರ್ಧ ಗಂಟೇಲಿ ಪೆಡಲ್ ಕಲ್ಲಾಯ್ತು.

ನಿಜವಾಗ್ಲೂ ತಲೆ ತಿಂದಿದ್ದು ಪೈಪ್ ಲೈನ್. ಈ ಕಾರಲ್ಲಿ ಬ್ರೇಕ್ ಲೈನ್ ಅಡ್ಡಡ್ಡ ಹೋಗುತ್ತೆ, ಮುಂದಿನ ಎಡಕ್ಕೆ ಹಿಂದಿನ ಬಲ ಜೋಡಿ, ಮುಂದಿನ ಬಲಕ್ಕೆ ಹಿಂದಿನ ಎಡ ಜೋಡಿ. ಒಂದು ಲೈನ್ ಒಡೆದ್ರೂ ಒಂದು ಮುಂದಿನ ಚಕ್ರ ಉಳಿಯುತ್ತೆ. ಒಂದೇ ಸಿಲಿಂಡರ್ ಇರೋ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಹಾಕಬೇಕಂದ್ರೆ ಹಿಂದಿನ ಎರಡನ್ನೂ ಒಂದೇ ಲೈನಿಗೆ ತರಬೇಕು, ಆಗ ಮುಂದಿನ ಲೈನ್ ಹೋದ್ರೆ ಘಾಟಿ ಇಳಿಜಾರಲ್ಲಿ ಹಿಂದಿನ ಬ್ರೇಕ್ ಒಂದೇ ಗತಿ. ನಂಗೆ ಮನಸ್ಸು ಒಪ್ಪಲಿಲ್ಲ. ಎರಡು ಸಿಲಿಂಡರ್ ಇರೋ ಹ್ಯಾಂಡ್‌ಬ್ರೇಕ್ ತರಿಸಿದೆ, ಎಡದ ಲೈನಿಗೊಂದು ಬಲದ ಲೈನಿಗೊಂದು. ಹಿಂದಿನ ಬ್ರೇಕಿಗೆ ಹೋಗೋ ಪ್ರೆಷರ್ ಕಮ್ಮಿ ಮಾಡೋ ಬಯಾಸ್ ವಾಲ್ವೂ ಎರಡು ಬೇಕಾಯ್ತು, ಎರಡೂ ಒಂದೇ ನಾಚಲ್ಲಿ, ಅಂದ್ರೆ ಒಂದೇ ಹಂತದಲ್ಲಿ, ನಿಲ್ಲಬೇಕು, ಇಲ್ಲಾಂದ್ರೆ ಹಿಂದೆ ಒಂದು ಕಡೆ ಮೊದಲು ಕಚ್ಚುತ್ತೆ, ಅದಕ್ಕೇ ತಿರುಪಿನ ಬದಲು ಲಿವರ್ ಇರೋದು. ಪೆಡಲ್ ಕಡೆಯಿಂದ ವಾಲ್ವ್ ಮೊದಲು, ಹ್ಯಾಂಡ್‌ಬ್ರೇಕ್ ಆಮೇಲೆ, ಈ ಆರ್ಡರ್ ಮುಖ್ಯ. ಉಲ್ಟಾ ಆದ್ರೆ ಕೈಯಲ್ಲಿ ಎಳೆದ ಪ್ರೆಷರ್‌ನೂ ವಾಲ್ವ್ ತಡೆದುಬಿಡುತ್ತೆ.

ಇವತ್ತಿನ ಟೆಸ್ಟ್ ಹೀಗೆ. ಸಿಲ್ವರ್ ಓಕ್ ಸಾಲಿನ ಪಕ್ಕದ ನೇರ ರಸ್ತೆ, ಒಂದು ಬಿಳಿ ಕಲ್ಲು ಗುರುತು, 40ರಲ್ಲಿ ಬಂದು ಕಲ್ಲಿನ ಹತ್ರ ಪೂರ್ತಿ ಬ್ರೇಕ್. ಚಿಕ್ಕಪ್ಪನ ಮಗ ಪಕ್ಕದ ದಿಬ್ಬದ ಮೇಲೆ ನಿಂತು ಯಾವ ಚಕ್ರ ಮೊದಲು ನಿಲ್ಲುತ್ತೆ ಅಂತ ನೋಡ್ತಿದ್ದ. ಮೊದಲ ಸಲವೇ ಹಿಂದಿನದು ಮೊದಲು ನಿಂತು ಬಾಲ ಕಾಫಿ ಗಿಡದ ಕಡೆ ಹೊರಳ್ತು. ಒಂದು ನಾಚ್ ಇಳಿಸಿದ್ವಿ, ಮತ್ತೆ ಹಾಗೇ. ಮೂರನೇ ನಾಚಲ್ಲಿ ಮುಂದಿನದು ಒಂದು ಕೂದಲೆಳೆ ಮೊದಲು ನಿಂತು, ಹಿಂದಿನದು ಆಮೇಲೆ, ಕಾರು ನೇರಕ್ಕೆ ಕೂತ್ಕೊಂಡು ನಿಲ್ತು. ಅಲ್ಲಿಗೆ ಬಿಳಿ ಪೇಂಟಲ್ಲಿ ಗೆರೆ ಹಾಕಿದೆ. ನಿಲ್ಲೋ ದೂರ ಏನೂ ಕಮ್ಮಿ ಆಗಿಲ್ಲ, ಅದನ್ನ ಮಾಡೋದು ಮುಂದಿನ ಬ್ರೇಕ್ ಮತ್ತೆ ಟೈರು. ಆದ್ರೆ ಮಧ್ಯದಲ್ಲಿ ಎರಡು ಸಲ ತೊರೆ ನೀರಲ್ಲಿ ಇಳಿಸಿ ಹತ್ತಿಸಿ ಬಂದ್ರೂ ಹನ್ನೆರಡನೇ ಸಲದ ಪೆಡಲ್ಲು ಮೊದಲನೇ ಸಲದ ಹಾಗೇ ಇತ್ತು. ನಂಗೆ ಬೇಕಿದ್ದಿದ್ದು ಅದೊಂದೇ.

ಆಮೇಲೆ ಕಾಫಿ ಕಣಕ್ಕೆ ಬಂದ್ವಿ. ಈಗ ಖಾಲಿ, ಮಳೆ ನೀರು ನಿಂತು ನುಣ್ಣಗಿದೆ. ನಡುವೆ ಒಂದು ಹಳೇ ಡೀಸೆಲ್ ಡ್ರಮ್ ಇಟ್ಟು ಸುತ್ತ ತಿರುಗಿಸಿದೆ. ಮುಂಚೆ ಕೇಬಲ್ ಲಿವರ್ ಎರಡು ಸಲ ಎಳೆದ್ರೂ ಅರ್ಧಕ್ಕರ್ಧ ತಿರುಗ್ತಿತ್ತು, ಈಗ ಒಂದು ಚಿಕ್ಕ ಜಗ್ಗು, ಬಿಟ್ಟ ಕೂಡ್ಲೇ ಚಕ್ರ ಮತ್ತೆ ಉರುಳುತ್ತೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ನಮ್ಮೂರಿಗೆ ಬಂದಾಗ ಡ್ರೈವರ್ ಗೌರವ್ ಗಿಲ್ ಅವರ ಸ್ಕೋಡಾ ಫಾಬಿಯಾ ಕಾರು ನೋಡೋಕೆ ತೋಟದ ಬೇಲಿ ಪಕ್ಕ ನಿಂತಿದ್ದು ನೆನಪಾಯ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಂಜೆ ಚಕ್ರ ಬಿಚ್ಚಿ ನೋಡಿದ್ರೆ ಎಡಗಡೆ ರಿಮ್ ಒಳಗೆ ಸುತ್ತಲೂ ಹೊಳೆಯೋ ಗೆರೆ. ಕ್ಯಾಲಿಪರ್‌ಗೂ ರಿಮ್ಮಿಗೂ 4 ಮಿಮೀ ಅಷ್ಟೇ ಜಾಗ, ಒಂದು ಜಲ್ಲಿ ಚೂರು ಸಿಕ್ಕಾಕೊಂಡಿತ್ತು. 13 ಇಂಚಿನ ಚಕ್ರದಲ್ಲಿ ಇದು ಬರುತ್ತೆ ಅಂತ ಗೊತ್ತಿತ್ತು. ಬ್ರಾಕೆಟ್‌ನ ತೂತು 2 ಮಿಮೀ ಒಳಕ್ಕೆ ಹೊಸದಾಗಿ ಹಾಕಿಸಬೇಕು, ನಾಳೆ ಬೆಳಗ್ಗೆ ಲೇತ್ ತೆಗೆಯೋ ಹೊತ್ತಿಗೆ ಹೋಗ್ತೀನಿ. ಮಳೆ ಮತ್ತೆ ಶುರುವಾಗಿದೆ.