ಕ್ಲಬ್ಬಿನ ಕಪಾಟು ಖಾಲಿ ಮಾಡಿದ ಶನಿವಾರ

ಅಮೆರಿಕದಲ್ಲಿ ತೋಟೆಯನ್ನು ಮನೆಯಲ್ಲೇ ತುಂಬಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಹೊಡೆದು ಖಾಲಿಯಾದ ಹಿತ್ತಾಳೆ ಕೇಸನ್ನು ಹೆಕ್ಕಿಕೊಂಡು ಬಂದು, ಡೈ ಎಂಬ ಅಚ್ಚಿಗೆ ಕೊಟ್ಟು ಮೊದಲಿನ ಅಳತೆಗೆ ತಂದು, ಬುಡದಲ್ಲಿ ಹೊಸ ಪ್ರೈಮರ್ (ತಟ್ಟಿದರೆ ಕಿಡಿ ಕೊಡುವ ಪುಟ್ಟ ಬಟ್ಟಲು) ಕೂರಿಸಿ, ಪೌಡರ್ ತೂಗಿ ಸುರಿದು, ಮೇಲೆ ಬುಲೆಟ್ ಒತ್ತುವುದು. ಇದಕ್ಕೆ ರೀಲೋಡಿಂಗ್ ಅಂತಾರೆ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಅಜ್ಜ ಕೇಪಿನ ಕೋವಿಯ ನಳಿಗೆಗೆ ಮದ್ದು ಸುರಿದು ಗಜದಿಂದ ಜಡಿಯುವುದನ್ನು ನೋಡಿಕೊಂಡು ಬೆಳೆದ ನನಗೆ ಕೆಲಸವೇನೂ ತೀರಾ ಹೊಸದಾಗಿ ಕಾಣಲಿಲ್ಲ. ಆಶ್ಚರ್ಯವಾದದ್ದು ಇದಕ್ಕೆಂದೇ ಪತ್ರಿಕೆಗಳಿವೆ ಅನ್ನುವುದು. ಓಹಾಯೋಗೆ ಬಂದು ಇಲ್ಲಿನ ಶೂಟಿಂಗ್ ಕ್ಲಬ್ಬೊಂದಕ್ಕೆ ಸೇರಿದ ಮೇಲೆ ನಾನೂ ಅಂಥ ಒಂದು ಪತ್ರಿಕೆಗೆ ಚಂದಾದಾರನಾದೆ. ಕೆಲವು ವರ್ಷಗಳಿಂದ ಅದು ಬಂದ ದಿನವೇ ಓದಿ ಮುಗಿಯುತ್ತಿತ್ತು. ಮೊದಮೊದಲು ನನ್ನ ಓದಿನ ವೇಗ ಹೆಚ್ಚಿದೆ ಅಂದುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಕ್ಲಬ್ಬಿನ ಕೋಣೆಗೆ ಹೊಸ ಹೀಟರ್ ಹಾಕಿಸಬೇಕಾಗಿ ಬಂತು. ಗೋಡೆಯುದ್ದಕ್ಕೂ ಇದ್ದ ಕಪಾಟುಗಳನ್ನು ಖಾಲಿ ಮಾಡಬೇಕಿತ್ತು. ಅವುಗಳ ತುಂಬ ಸತ್ತುಹೋದ ಸದಸ್ಯರ ಮನೆಯವರು ಕೊಟ್ಟುಹೋದ ಹಳೆಯ ಪತ್ರಿಕೆಗಳು. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ರದ್ದಿಗೆ ಹಾಕುವುದು ಎಂದು ವಿಂಗಡಿಸುವ ಕೆಲಸ ನನಗೂ ಕ್ಲಬ್ಬಿನ ಒಬ್ಬ ಹಿರಿಯನಿಗೂ ಬಿತ್ತು. ಆತ ಟೊಲೆಡೊದಲ್ಲಿ ಕಾರ್ಖಾನೆಗಳಿಗೆ ಅಚ್ಚು, ಉಪಕರಣ ಮಾಡಿಕೊಡುವ ಟೂಲ್ ಅಂಡ್ ಡೈ ಕೆಲಸ ಮಾಡಿ ನಿವೃತ್ತನಾದವನು, ಸಾವಿರದ ಒಂದು ಭಾಗ ಇಂಚಿನ ಲೆಕ್ಕದಲ್ಲಿ ಬದುಕಿದ ಮನುಷ್ಯ. ಹೊರಗೆ ಮೊಣಕಾಲುದ್ದ ಹಿಮ, ರೇಂಜ್ ಮುಚ್ಚಿತ್ತು. ಬೆಳಗ್ಗೆ ಕೂತವರು ಮಧ್ಯಾಹ್ನದವರೆಗೂ ಏನನ್ನೂ ವಿಂಗಡಿಸಲಿಲ್ಲ. ಬರೀ ಓದಿದೆವು.

ಹಳೆಯವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಹ್ಯಾಂಡ್‌ಲೋಡರ್’. 1966ರಲ್ಲಿ ಡೇವ್ ವುಲ್ಫ್ ಎಂಬವರು ಇಲಿನಾಯ್‌ನ ಪಿಯೋರಿಯಾದಲ್ಲಿ ಶುರು ಮಾಡಿದ ಪತ್ರಿಕೆ ಅದು. ಆಮೇಲೆ ಅರಿಜೋನಾದ ಪ್ರೆಸ್ಕಾಟ್‌ಗೆ ಹೋಯಿತು. ಅದರಲ್ಲಿ ಕೆನ್ ವಾಟರ್ಸ್ ‘ಪೆಟ್ ಲೋಡ್ಸ್’ ಎಂಬ ಅಂಕಣ ಬರೆಯುತ್ತಿದ್ದರು. ಒಂದು ಸಲಕ್ಕೆ ಒಂದೇ ತೋಟೆ. ಅದು ಹುಟ್ಟಿದ ಕತೆ, ಯಾವ ಬಂದೂಕಿನಲ್ಲಿ ಪರೀಕ್ಷಿಸಿದ್ದು, ನಳಿಗೆ ಎಷ್ಟು ಉದ್ದ, ಯಾರು ಮಾಡಿದ ಕೇಸು, ಯಾವ ಪ್ರೈಮರು, ಎಲ್ಲವನ್ನೂ ಹೇಳಿ ಆಮೇಲೆ ಯಾವ ಬುಲೆಟ್‌ಗೆ ಯಾವ ಪೌಡರ್ ಎಷ್ಟು ಅನ್ನುವ ಪಟ್ಟಿ. ಪಟ್ಟಿಯ ಪಕ್ಕದಲ್ಲಿ ಟಿಪ್ಪಣಿ: ಇದು ಚದುರುತ್ತದೆ, ಇದಕ್ಕೆ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ಬಿಗಿಯಾಯಿತು, ಇದು ಸುಮ್ಮನೆ ದಂಡ. ಕೆಟ್ಟದ್ದು ಒಳ್ಳೆಯದರ ಜೊತೆಗೇ ಕೂತಿರುತ್ತಿತ್ತು. ಓದುತ್ತಿದ್ದರೆ, ಆತ ಎಲ್ಲಿ ಎಡವಿದ, ಎಲ್ಲಿಂದ ಹಿಂದಕ್ಕೆ ಬಂದ ಅನ್ನುವುದು ತಿಳಿಯುತ್ತಿತ್ತು.

ಹಿರಿಯನಿಗೆ ಮಾತ್ರ ಹಳತು ಅಂದಮಾತ್ರಕ್ಕೆ ಭಕ್ತಿಯಿಲ್ಲ. “ಇವರು ಒತ್ತಡವನ್ನು ಅಳೆದದ್ದು ಹೇಗೆ ಗೊತ್ತಾ? ಕೇಸಿನ ಬುಡ ಎಷ್ಟು ಉಬ್ಬಿತು ಅಂತ ಮೈಕ್ರೋಮೀಟರ್ ಹಿಡಿದು ನೋಡಿ” ಎಂದ. ಹಿತ್ತಾಳೆ ಒಂದೊಂದು ಕಂಪನಿಯದು ಒಂದೊಂದು ಹದ. ಉಬ್ಬನ್ನು ನೋಡಿ ಒತ್ತಡ ಹೇಳಲಾಗದು ಅನ್ನುವುದು ಅವನ ವಾದ. ಅದು ನಿಜವೂ ಹೌದು. ಆಗ ಪ್ರಯೋಗಾಲಯಗಳಲ್ಲೇ ತಾಮ್ರದ ಪುಟ್ಟ ಸಿಲಿಂಡರ್ ಎಷ್ಟು ಜಜ್ಜಿಹೋಯಿತು ಎಂದು ನೋಡಿ ಲೆಕ್ಕ ಹಾಕುತ್ತಿದ್ದರು. ಒತ್ತಡವನ್ನು ವಿದ್ಯುತ್ ಸಂಕೇತವಾಗಿಸಿ ಅಳೆಯುವ ಪಿಯೆಜೋ ಸಂವೇದಕಗಳು ಬಂದ ಮೇಲೆ ಹಳೆಯ ಪುಸ್ತಕಗಳ ಎಷ್ಟೋ ಗರಿಷ್ಠ ಅಳತೆಗಳು ಕೆಳಕ್ಕಿಳಿದವು. .30-06 ಎಂಬ ರೈಫಲ್ ತೋಟೆಗೆ ಈಗ ಉದ್ಯಮ ಒಪ್ಪಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 60,000 ಪೌಂಡ್. ಅಂಥ ಒತ್ತಡವನ್ನು ಕೆನ್ನೆಯ ಪಕ್ಕದಲ್ಲಿ ಇಟ್ಟುಕೊಳ್ಳುವವನು ಅರವತ್ತರ ದಶಕದ ಪಟ್ಟಿಯನ್ನು ಹಾಗೇ ನಂಬಿ ಪೌಡರ್ ಸುರಿಯಬಾರದು. ಆದರೆ ವಾಟರ್ಸ್ ಅಳೆದ ಬಗೆಯನ್ನು ಬರೆದಿಟ್ಟಿದ್ದರಿಂದಲ್ಲವೇ ಹಿರಿಯ ಅದನ್ನು ಈಗ ತಪ್ಪು ಅನ್ನುತ್ತಿರುವುದು? ಹೀಗೆಂದಾಗ ಆತ ಉತ್ತರ ಕೊಡದೆ ಇನ್ನೊಂದು ಕಟ್ಟು ಬಿಚ್ಚಿದ.

ಆ ಕಟ್ಟಿನಲ್ಲಿ ಗ್ಯಾರಂಡ್ ಬಗ್ಗೆ ಒಂದು ಹಳೆಯ ಲೇಖನ ಸಿಕ್ಕಿತು. ಎಂ1 ಗ್ಯಾರಂಡ್ ಅಂದರೆ ಅಮೆರಿಕದ ಸೈನ್ಯ 1936ರಲ್ಲಿ ಒಪ್ಪಿಕೊಂಡ ರೈಫಲ್. ಎರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ ಈಗಲೂ ಅದಕ್ಕೆಂದೇ ಒಂದು ಪಂದ್ಯ ನಡೆಯುತ್ತದೆ; ನಾನು ಹೊಡೆಯುವುದೂ ಅದನ್ನೇ. ತೋಟೆ .30-06 ಆದರೂ ಎಲ್ಲ .30-06 ಅದಕ್ಕೆ ಹಿಡಿಸುವುದಿಲ್ಲ. ನಳಿಗೆಯ ತುದಿಯ ಹತ್ತಿರ ಒಂದು ಸಣ್ಣ ತೂತು, ಅಲ್ಲಿಂದ ನುಗ್ಗುವ ಗ್ಯಾಸು ಉದ್ದನೆಯ ಆಪರೇಟಿಂಗ್ ರಾಡನ್ನು ಹಿಂದಕ್ಕೆ ತಳ್ಳಿ ಮುಂದಿನ ತೋಟೆ ತುಂಬಿಸುತ್ತದೆ. ನಿಧಾನವಾಗಿ ಉರಿಯುವ ಪೌಡರ್, ಮೇಲೆ ಭಾರದ ಬುಲೆಟ್ ಹಾಕಿದರೆ, ಬುಲೆಟ್ ಆ ತೂತು ದಾಟುವಾಗ ಒತ್ತಡ ಇನ್ನೂ ಇಳಿದಿರುವುದಿಲ್ಲ. ರಾಡ್ ಬಾಗುತ್ತದೆ. ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆದು ತುಂಬುವ ಬೋಲ್ಟ್ ಆಕ್ಷನ್ ರೈಫಲ್‌ನಲ್ಲಿ ಚಿನ್ನದಂಥ ತೋಟೆ ಗ್ಯಾರಂಡಿಗೆ ಮಾರಿ. ಇನ್ನೊಂದು ವಿಷಯ ಫೈರಿಂಗ್ ಪಿನ್ನಿನದು. ಅದಕ್ಕೆ ಸ್ಪ್ರಿಂಗ್ ಇಲ್ಲ. ಬೋಲ್ಟ್ ಮುಚ್ಚಿಕೊಳ್ಳುವ ರಭಸಕ್ಕೆ ತಾನೇ ಮುಂದೆ ಬಂದು ಪ್ರೈಮರನ್ನು ತಟ್ಟುತ್ತದೆ. ಪ್ರೈಮರ್ ಕೇಸಿನ ಬುಡಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೂ ಬಂದೂಕಿನ ಕುದುರೆ (ಟ್ರಿಗರ್) ಒತ್ತುವ ಮೊದಲೇ ಈಡು ಹಾರೀತು. ಹಳೆಯ ಲೇಖನ ಇದನ್ನೆಲ್ಲ ಚಿತ್ರ ಬರೆದು ವಿವರಿಸಿತ್ತು, ಗ್ಯಾರಂಡಿಗೆ ಪಟ್ಟಿಯನ್ನೂ ಬೇರೆಯಾಗಿ ಕೊಟ್ಟಿತ್ತು.

ನನ್ನ ಬ್ಯಾಗಿನಲ್ಲಿ ಆ ತಿಂಗಳ ಸಂಚಿಕೆ ಇತ್ತು, ನಾನು ದುಡ್ಡು ಕೊಟ್ಟು ತರಿಸುವಂಥದ್ದು. ಅದರಲ್ಲೂ .30-06 ಬಗ್ಗೆ ಲೇಖನ. ಮೊದಲ ಪುಟಕ್ಕೆ ಗ್ಯಾರಂಡಿನ ಚೆಂದದ ಫೋಟೋ, ವಾಲ್‌ನಟ್ ಮರದ ಮೇಲೆ ಸಂಜೆಬಿಸಿಲು. ಒಳಗಿನ ಪಟ್ಟಿಯಲ್ಲಿ ಭಾರದ ಬುಲೆಟ್, ನಿಧಾನದ ಪೌಡರ್. ಯಾವ ರೈಫಲ್‌ಗೆ ಎಂದು ಎಲ್ಲೂ ಹೇಳಿಲ್ಲ. ರಾಡಿನ ಬಗ್ಗೆ ಒಂದಕ್ಷರವಿಲ್ಲ. ಹಿರಿಯ ಕನ್ನಡಕ ಏರಿಸಿ ಎರಡೆರಡು ಸಲ ಓದಿ, “ಫೋಟೋ ಹಾಕಿದವನು ಲೇಖನ ಓದಿಲ್ಲ, ಲೇಖನ ಬರೆದವನು ಗ್ಯಾರಂಡ್ ಹೊಡೆದಿಲ್ಲ” ಅಂದ. ಹೊಸದಾಗಿ ರೈಫಲ್ ಕೊಂಡ ಹುಡುಗನೊಬ್ಬ ಈ ಪುಟ ನೋಡಿ ತೋಟೆ ತುಂಬಿದರೆ? ಕಾಗುಣಿತ ತಪ್ಪನ್ನು ಸಹಿಸಿಕೊಳ್ಳಬಹುದು, ಇದನ್ನಲ್ಲ. ಅವತ್ತು ರಾತ್ರಿಯೇ ಸಂಪಾದಕರಿಗೆ ಬರೆದೆ. ಉತ್ತರ ಬಂದಿಲ್ಲ.

ಮಧ್ಯಾಹ್ನದ ಮೇಲೆ ನಮಗೆ ಗುರಿಹಲಗೆಗಳನ್ನು ಹೋಲಿಸುವ ಚಟ ಹತ್ತಿತು. ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಪತ್ರಿಕೆ ‘ಅಮೆರಿಕನ್ ರೈಫಲ್‌ಮ್ಯಾನ್’ನಲ್ಲಿ ನಿಖರತೆಯ ಪರೀಕ್ಷೆ ಅಂದರೆ 100 ಗಜದಲ್ಲಿ ಸಾಲಾಗಿ ಐದು ಗುಂಪು, ಗುಂಪಿಗೆ ಐದು ಈಡು, ಆಮೇಲೆ ಗುಂಪುಗಳ ಅಗಲದ ಸರಾಸರಿ. ಕೆಟ್ಟ ಗುಂಪನ್ನು ಬಚ್ಚಿಡುವಂತಿಲ್ಲ. ನನ್ನ ಪತ್ರಿಕೆಯಲ್ಲಿ ಇರುವುದು ಮೂರೇ ಈಡಿನ ಒಂದು ಗುಂಪು, ಪಕ್ಕದಲ್ಲಿ ಒಂದು ನಾಣ್ಯ, ಕೆಳಗೆ ‘ಅರ್ಧ ಇಂಚಿಗಿಂತ ಕಡಿಮೆ’. ಎಷ್ಟು ಹೊಡೆದು ಇದನ್ನು ಆರಿಸಿದರೋ ದೇವರೇ ಬಲ್ಲ. ಅದೇ ಬಂದೂಕು, ಅದೇ ತೋಟೆಯಾದರೂ ಮೂರು ಈಡಿನ ಗುಂಪು ಐದರ ಗುಂಪಿಗಿಂತ ಸರಾಸರಿ ಐದನೇ ಒಂದು ಭಾಗದಷ್ಟು ಚಿಕ್ಕದಾಗಿಯೇ ಬರುತ್ತದೆ. ಅದರಲ್ಲಿ ಬಂದೂಕಿನ ಹೆಚ್ಚುಗಾರಿಕೆ ಏನಿಲ್ಲ, ಬರೀ ಲೆಕ್ಕ. ಮೂರರ ಗುಂಪು ಹಳೆಯ ಪತ್ರಿಕೆಗಳಲ್ಲೂ ಬೇಕಾದಷ್ಟಿತ್ತು, ಅದನ್ನೂ ಹೇಳಬೇಕು. ಆದರೆ ಆಗ ವೇಗ ಅಳೆಯುವ ಕ್ರೋನೋಗ್ರಾಫೇ ಅಪರೂಪ. ಈಗ ಅಂಗೈಯಗಲದ ರೇಡಾರ್ ಮೇಜಿನ ಮೇಲಿಟ್ಟರೆ ಪ್ರತಿ ಗುಂಡಿನ ವೇಗವೂ ಫೋನಿಗೆ ಬಂದು ಬೀಳುತ್ತದೆ. ಅಳೆಯುವುದು ಸುಲಭವಾದ ಕಾಲದಲ್ಲಿ ಅಳತೆಗಳೇ ಕಡಿಮೆಯಾಗಿವೆ.

ಹೀಗೇಕಾಯಿತು ಎಂಬುದರಲ್ಲಿ ನಮ್ಮಿಬ್ಬರದು ಬೇರೆ ಬೇರೆ ಅಭಿಪ್ರಾಯ. ಹಿರಿಯ ಹೇಳುವುದು ಜಾಹೀರಾತು. ಬಂದೂಕು ಮಾಡುವವನೇ ಪತ್ರಿಕೆಯನ್ನು ಸಾಕುತ್ತಿರುವಾಗ ಅವನ ಬಂದೂಕು ಸಿಕ್ಕಿಕೊಳ್ಳುತ್ತದೆ ಎಂದು ಬರೆಯುವವರಾರು? ಆತ 2013ರ ಡಿಕ್ ಮೆಟ್‌ಕಾಫ್ ಪ್ರಕರಣ ತೆಗೆದ. ‘ಗನ್ಸ್ ಅಂಡ್ ಆ್ಯಮೊ’ದಲ್ಲಿ ಬಂದೂಕಿನ ಹಕ್ಕಿಗೂ ಒಂದಿಷ್ಟು ನಿಯಂತ್ರಣ ಇರಬಹುದು ಎಂದು ಬರೆದದ್ದಕ್ಕೆ ಮೆಟ್‌ಕಾಫ್ ಕೆಲಸ ಹೋಯಿತು. ಓದುಗರು ಕೆರಳಿದ್ದರು, ನಿಜ. ಎರಡು ದೊಡ್ಡ ಬಂದೂಕು ಕಂಪನಿಗಳು ವ್ಯವಹಾರ ಬಿಡುವುದಾಗಿ ಹೆದರಿಸಿದವು ಎಂದು ಸ್ವತಃ ಮೆಟ್‌ಕಾಫ್ ಅವರೇ ಹೇಳಿದ್ದರು. ನನಗನ್ನಿಸುವುದು, ಅಂತರ್ಜಾಲದ ಪಾಲೂ ದೊಡ್ಡದು. ಪೌಡರ್ ಕಂಪನಿಗಳೇ ಅಳತೆಯ ಪಟ್ಟಿಗಳನ್ನು ಪುಕ್ಕಟೆ ಕೊಡುತ್ತವೆ. ಪಟ್ಟಿಗಾಗಿ ಪತ್ರಿಕೆ ಕೊಳ್ಳುವವರು ಹೋದರು, ಅವರ ದುಡ್ಡೂ ಹೋಯಿತು, ಪರೀಕ್ಷೆಗೆ ವಾರಗಟ್ಟಲೆ ಕೂರುವ ಲೇಖಕನಿಗೆ ಸಂಭಾವನೆ ಎಲ್ಲಿಂದ ಬರಬೇಕು? ಗುರಿಯ ಸೂಕ್ಷ್ಮಗಳನ್ನೇ ನಂಬಿದ್ದ ‘ಪ್ರಿಸಿಷನ್ ಶೂಟಿಂಗ್’ 2012ರಲ್ಲಿ ನಿಂತೇಹೋಯಿತು. 2020ರ ನಂತರ ಅಂಗಡಿಗಳಲ್ಲಿ ಪ್ರೈಮರೇ ಸಿಗದಿದ್ದಾಗ, ಇರುವ ಪ್ರೈಮರಿನಲ್ಲಿ ಹೇಗೆ ಸುಧಾರಿಸುವುದು, ಬದಲಿ ಹಾಕಿದರೆ ಒತ್ತಡ ಎಷ್ಟು ಏರುಪೇರಾಗುತ್ತದೆ ಎಂದು ಹೇಳಿಕೊಡುವುದಕ್ಕೆ ಪತ್ರಿಕೆಗಳಿಗೆ ಒಳ್ಳೆಯ ಅವಕಾಶವಿತ್ತು. ನನಗೆ ಬರುತ್ತಿದ್ದ ಪತ್ರಿಕೆ ಆಗ ಹೊಸ ಸ್ಕೋಪುಗಳ ಬಗ್ಗೆ ಬರೆಯುತ್ತಿತ್ತು.

ಸಂಜೆ ಹೊತ್ತಿಗೆ ವಿಂಗಡಣೆಯಾಯಿತು. ಲೇಖಕ ತನ್ನ ಪರೀಕ್ಷೆಯ ರೀತಿಯನ್ನು ಹೇಳಿದ್ದರೆ ಇಟ್ಟುಕೊಳ್ಳುವುದು, ಹೇಳದಿದ್ದರೆ ರದ್ದಿ ಎಂದು ಹಿರಿಯ ನಿಯಮ ಮಾಡಿದ. ಆ ಜರಡಿಯಲ್ಲಿ ಎಪ್ಪತ್ತರ ದಶಕದವೂ ಎಷ್ಟೋ ಕೆಳಗೆ ಬಿದ್ದವು. ಇತ್ತೀಚಿನವುಗಳಲ್ಲೂ ಒಂದೆರಡು ಮೇಲೆ ಉಳಿದವು, ಅದರಲ್ಲೊಂದು ಕೇಸಿನ ಕತ್ತನ್ನು ಕಾಯಿಸಿ ಹದ ಮಾಡುವ ಬಗ್ಗೆ ಬಹಳ ಒಳ್ಳೆಯ ಬರಹ. ಚಂದಾ ಮುಗಿದಾಗ ನಾನು ಮತ್ತೆ ಕಟ್ಟಲಿಲ್ಲ.

ಪೆಟ್ಟಿಗೆಗಳನ್ನು ಕಾರಿಗೆ ಹೊರುವಾಗ ಹಿರಿಯ, “ಬೈಯುವುದು ಸಾಕು, ನಿನ್ನ ನೋಟ್‌ಬುಕ್ಕಿನಲ್ಲಿರುವುದನ್ನು ಕ್ಲಬ್ಬಿನ ಸುತ್ತೋಲೆಗೆ ಬರೆದುಕೊಡು” ಅಂದ. ಬರೆದುಕೊಟ್ಟೆ. ಎರಡು ಪುಟ, ನನ್ನ ಗ್ಯಾರಂಡಿನಲ್ಲಿ ಒಂದು ಹೊಸ ಪೌಡರಿನ ಪರೀಕ್ಷೆ. ಐದೈದು ಈಡಿನ ಗುಂಪುಗಳು, ನಳಿಗೆಯ ಅಳತೆ, ಅವತ್ತಿನ ಚಳಿ, ಪ್ರೈಮರಿನ ಲಾಟ್ ಸಂಖ್ಯೆ, ಎಲ್ಲ ಹಾಕಿದ್ದೇನೆ. ಆ ಪೌಡರ್ ನನ್ನ ರೈಫಲ್‌ಗೆ ಒಗ್ಗಲಿಲ್ಲ ಅನ್ನುವುದು ಮೊದಲನೇ ಸಾಲಿನಲ್ಲೇ ಇದೆ.