ಅಂಗಡಿಯ ಮಿಸ್ ಕೇರಳ, ಹೊಳೆಯ ಮಿಸ್ ಕೇರಳ

9 ನವೆಂಬರ್ 2024, ಶನಿವಾರ

ಶಿವಾಜಿನಗರದ ಅಕ್ವೇರಿಯಂ ಮೀನಿನಂಗಡಿಯಲ್ಲಿ ಇಂದು ಕೆಂಪು ಗೆರೆಯ ಮಿಸ್ ಕೇರಳ ಮೀನುಗಳ ಎರಡು ತೊಟ್ಟಿಗಳು ಪಕ್ಕಪಕ್ಕದಲ್ಲಿದ್ದವು. ಒಂದರಲ್ಲಿ ಬೆರಳುದ್ದದ, ಎಲ್ಲವೂ ಒಂದೇ ಅಳತೆಯ ಮರಿಗಳು ಕೈ ಕಂಡೊಡನೆ ಆಹಾರಕ್ಕಾಗಿ ಮೇಲೇರುತ್ತಿದ್ದವು. ಇನ್ನೊಂದರಲ್ಲಿ ಚಿಕ್ಕವು ದೊಡ್ಡವು ಬೆರೆತ, ಬಾಲದ ತುದಿ ಹರಿದ, ನೆರಳು ಬಿದ್ದರೆ ಮೂಲೆಗೆ ನುಗ್ಗುವ ಕೆಲವೇ ಮೀನುಗಳಿದ್ದವು. ಬೆಲೆ ಮಾತ್ರ ಇವುಗಳಿಗೇ ಹೆಚ್ಚು. "ಅವು ಇಂಡೊನೇಷ್ಯಾ ಫಾರ್ಮಿನವು, ಇವು ಹೊಳೆಯವು ಸಾರ್, ಈಗ ಸಿಗೋದೇ ಇಲ್ಲ" ಎಂದರು ಅಂಗಡಿಯ ಭಾಯಿ.

ಏಕೆ ಸಿಗುವುದಿಲ್ಲ ಎಂಬುದೇ ಸಂಜೆಯಿಡೀ ತಲೆಯಲ್ಲಿ ಕೊರೆಯುತ್ತಿದೆ. ಹೊಳೆಯಲ್ಲಿ ಮೀನು ಕಡಿಮೆಯಾದರೂ ಸಿಗುವುದಿಲ್ಲ, ಮಳೆಗಾಲದ ಕೆಂಪು ನೀರಿನಲ್ಲಿ ಬಲೆ ಹಾಕಲಾಗದಿದ್ದರೂ ಸಿಗುವುದಿಲ್ಲ, ಹಿಡಿಯಬಾರದೆಂಬ ಆದೇಶವಿದ್ದರೂ ಸಿಗುವುದಿಲ್ಲ, ಫಾರ್ಮಿನ ಮರಿ ಅಗ್ಗವಾಗಿ ಬರುವಾಗ ಹಿಡಿಯುವವನಿಗೆ ಕೂಲಿ ಗಿಟ್ಟದಿದ್ದರೂ ಸಿಗುವುದಿಲ್ಲ. ಕೊಳ್ಳುವ ನಾವು ಮಾತ್ರ ಎಲ್ಲವನ್ನೂ ಒಟ್ಟಿಗೆ ಸೇರಿಸಿ ಅಪರೂಪದ ಮೀನು ಎಂದು ಸಂಭ್ರಮಿಸಿ ಹೆಚ್ಚು ಹಣ ತೆರುತ್ತೇವೆ.

ಮೀನುತಜ್ಞ ಫ್ರಾನ್ಸಿಸ್ ಡೇ 1865ರಲ್ಲಿ ಈ ಮೀನನ್ನು ವೈಜ್ಞಾನಿಕವಾಗಿ ವರ್ಣಿಸಿ, ಆಗಿನ ಮದ್ರಾಸ್ ಗವರ್ನರ್ ಡೆನಿಸನ್ ಅವರ ಹೆಸರನ್ನು ಇಟ್ಟ ಮೇಲೆ ಶತಮಾನಕ್ಕೂ ಹೆಚ್ಚು ಕಾಲ ಅಕ್ವೇರಿಯಂ ವ್ಯಾಪಾರಕ್ಕೆ ಇದರ ಗೊಡವೆಯೇ ಇರಲಿಲ್ಲ. 1997ರ ಸಿಂಗಪುರದ ಅಕ್ವಾರಾಮ ಎಂಬ ಅಕ್ವೇರಿಯಂ ಮೀನುಗಳ ಪ್ರದರ್ಶನದಲ್ಲಿ ಬಹುಮಾನ ಬಂದದ್ದೇ ತಡ, ವಿದೇಶಗಳಿಂದ ಬೇಡಿಕೆ ಮುಗಿಬಿತ್ತು. 2005ರಿಂದ 2012ರವರೆಗೆ ಅಳಿವಿನ ಭೀತಿಯಲ್ಲಿರುವ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಭಾರತದಿಂದ ರಫ್ತಾದವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅತಿ ಹೆಚ್ಚು ರಫ್ತಾದವುಗಳಲ್ಲಿ ಇದೂ ಕೇರಳದ ಚಾಲಕುಡಿ ಹೊಳೆಯ ಇದರ ದಾಯಾದಿಯೂ ಸೇರಿವೆ. ಕೇರಳ ಸರ್ಕಾರ 2008ರಲ್ಲಿ ಜೂನ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹಿಡಿಯುವುದನ್ನು ನಿಷೇಧಿಸಿತು. ಆದರೆ ಚಂದ್ರಗಿರಿ, ವಳಪಟ್ಟಣಂ, ಚಾಲಿಯಾರ್ ಹೊಳೆಗಳಲ್ಲಿ ಅಧ್ಯಯನ ಮಾಡಿದವರು ಕಂಡದ್ದು, ಇದು ಮೊಟ್ಟೆಯಿಡುವ ಕಾಲ ಅಕ್ಟೋಬರಿನಿಂದ ಮಾರ್ಚಿನವರೆಗೆ ಎಂದು. ಅಂದರೆ ಬಸಿರು ಮೀನಿಗೆ ರಕ್ಷಣೆ ಸಿಕ್ಕಿದ್ದು ಒಂದೇ ತಿಂಗಳು. ಉಳಿದ ಎರಡು ತಿಂಗಳು ಮಳೆಯೇ ಬಲೆಗಾರನನ್ನು ದಡದಲ್ಲಿ ಕೂರಿಸುತ್ತದೆ, ಅದಕ್ಕೆ ಆದೇಶವೇಕೆ ಬೇಕಿತ್ತೋ!

ರಾತ್ರಿ ಸುಳ್ಯದ ಭಾವನಿಗೆ ಫೋನ್ ಮಾಡಿದೆ. ಪಯಸ್ವಿನಿಯೇ ಕಾಸರಗೋಡಿನ ಕಡೆ ಚಂದ್ರಗಿರಿಯಾಗುವುದರಿಂದ ಅವರಿಗೆ ಗೊತ್ತಿರಬಹುದೆಂಬ ಆಸೆ. "ಕೆಂಪು ಗೆರೆಯದ್ದಲ್ವಾ? ಮಳೆ ಬಿಟ್ಟ ಮೇಲೆ ಮೇಲಿನ ಗುಂಡಿಯಲ್ಲಿ ಹಿಂಡು ಕಾಣ್ತದೆ ಮಾರಾಯ. ಸಾರು ಮಾಡುವ ಮೀನಲ್ಲ, ಹಾಗಾಗಿ ಯಾರೂ ಮುಟ್ಟುವುದಿಲ್ಲ" ಎಂದರು. ಅಂಗಡಿಯ ಬೆಲೆ ಹೇಳಿದಾಗ ಕ್ಷಣಕಾಲ ಮಾತೇ ಬರಲಿಲ್ಲ, ಆಮೇಲೆ ನಕ್ಕು, "ಬೆಲೆಯ ಸುದ್ದಿ ಇಲ್ಲಿ ಯಾರಲ್ಲೂ ಹೇಳಬೇಡ" ಎಂದರು. ತೊಡಿಕಾನ ದೇವಸ್ಥಾನದ ದೇವರ ಮೀನುಗಳಿಗಿರುವ ಕಾವಲು ಈ ಮೀನಿಗಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

ಹಾಗಾದರೆ ಫಾರ್ಮಿನ ಮರಿಯನ್ನೇ ಕೊಂಡರೆ ಸಾಕೇ? ಮಿಸ್ ಕೇರಳದ ಮಟ್ಟಿಗೆ ಹೌದೆಂದೇ ನನ್ನ ಅಭಿಪ್ರಾಯ. ಆದರೆ ಎಲ್ಲ ಮೀನಿಗೂ ಒಂದೇ ನ್ಯಾಯ ಒಪ್ಪುವುದಿಲ್ಲ. ಬ್ರೆಜಿಲಿನ ರಿಯೊ ನೆಗ್ರೊ ತೀರದ ಬಾರ್ಸೆಲೋಸ್ ಊರಿನವರು ಕಾರ್ಡಿನಲ್ ಟೆಟ್ರಾ ಹಿಡಿದು ಬದುಕುವವರು; ನೆರೆ ಇಳಿದಾಗ ಹೇಗೂ ಅಪಾರ ಸಂಖ್ಯೆಯಲ್ಲಿ ಸಾಯುವ ಮೀನದು. ಫಾರ್ಮುಗಳು ಅದನ್ನು ಮರಿ ಮಾಡಲು ಕಲಿತ ಮೇಲೆ ಅವರ ವ್ಯಾಪಾರ ಕುಸಿಯಿತು, ಕಾಡನ್ನು ಹಾಗೆಯೇ ಉಳಿಸಿಕೊಳ್ಳಲು ಅವರಿಗಿದ್ದ ಕಾರಣವೊಂದು ಸಡಿಲವಾಯಿತು. ಇತ್ತ ಥಾಯ್ಲೆಂಡಿನ ಕೆಂಪು ಬಾಲದ ಶಾರ್ಕ್ (ಹೆಸರಷ್ಟೇ ಶಾರ್ಕ್, ಪುಟ್ಟ ಹೊಳೆಮೀನು) ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ, ತನ್ನ ಹೊಳೆಯಲ್ಲಿ ಮಾತ್ರ ಬಹುತೇಕ ನಿರ್ನಾಮವಾಗಿದೆ. ತೊಟ್ಟಿ ತುಂಬಿರುವಾಗ ಹೊಳೆಯ ಬಗ್ಗೆ ವಿಚಾರಿಸುವವರು ಯಾರು?

ಭಾವನಿಗೆ ನಾಳೆ ಮತ್ತೆ ಫೋನ್ ಮಾಡಬೇಕು. ಆ ಗುಂಡಿಯ ಮೇಲ್ಭಾಗದಲ್ಲಿ ತೋಟಕ್ಕೆ ಹೊಡೆಯುವ ಔಷಧ ಹೊಳೆಗೆ ಇಳಿಯುತ್ತದೆಯೇ, ಬೇಸಿಗೆಯಲ್ಲಿ ಪಂಪು ಹಾಕಿದರೆ ನೀರು ಎಷ್ಟು ಉಳಿಯುತ್ತದೆ, ಮತ್ತು ಹಿಂಡು ಎಂದರೆ ಹತ್ತು ಮೀನೋ ನೂರೋ ಎಂದು ಕೇಳಬೇಕು.